ಮಗುವಿನ ಆಪರೇಷನ್‌ಗೆ ಎತ್ತಿದ ಪಟ್ಟಿ: ಉಳಿದ ದುಡ್ಡು ಯಾರದು?

ಪ್ರಶ್ನೆ: ನಮ್ಮದು ಕಾರಟಗಿ ತಾಲೂಕಿನ ಒಂದು ಹಳ್ಳಿ. ಯುವಕ ಸಂಘದಲ್ಲಿ 14 ಜನ ಇದ್ದೇವೆ. ಅದರಲ್ಲಿ ಐದು ಜನ ಪಿಯುಸಿ ಹುಡುಗರು, ಅವರಿಗೆ ಇನ್ನೂ 18 ತುಂಬಿಲ್ಲ. ಸಂಘ ನೋಂದಣಿ ಆಗಿಲ್ಲ. ನಮ್ಮೂರಿನ ಒಂದು ಮಗುವಿನ ಹೃದಯದ ಆಪರೇಷನ್‌ಗೆ ಅಂತ ಪಟ್ಟಿ ಎತ್ತಿದೆವು. ನನ್ನ ಫೋನ್‌ಪೇ ನಂಬರ್ ಕೊಟ್ಟಿದ್ದೆ. ಒಟ್ಟು 2,14,000 ರೂಪಾಯಿ ಬಂತು. ಆಮೇಲೆ ಆಪರೇಷನ್ ಸರ್ಕಾರದ ಸ್ಕೀಮಿನಲ್ಲೇ ಆಯಿತು. ಓಡಾಟ, ಟೆಸ್ಟು, ಔಷಧ, ರೂಮು ಎಲ್ಲ ಸೇರಿ 1,31,000 ಖರ್ಚಾಗಿ 83,000 ನನ್ನ ಖಾತೆಯಲ್ಲೇ ಉಳಿದಿದೆ. ಅದನ್ನು ವೃದ್ಧಾಶ್ರಮಕ್ಕೆ ಕೊಡೋಣ ಅಂತ ಕೆಲವರು, ಗಣೇಶನ ಹಬ್ಬಕ್ಕೆ ಇಡೋಣ ಅಂತ ಇನ್ನು ಕೆಲವರು. 40,000 ಕೊಟ್ಟ ರೈಸ್ ಮಿಲ್ ಮಾಲೀಕರು 80ಜಿ ರಸೀದಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯುವ ರಸೀದಿ) ಕೇಳುತ್ತಿದ್ದಾರೆ. ಅಮೆರಿಕದಲ್ಲಿರುವ ನಮ್ಮೂರಿನವರೊಬ್ಬರು ಸಂಘಕ್ಕೆ 1,000 ಡಾಲರ್ ಕಳಿಸುತ್ತೇನೆ ಅಂದಿದ್ದಾರೆ. ಮುಂದಿನ ವರ್ಷ ಲಕ್ಕಿ ಡ್ರಾ ಮಾಡಿ ಇನ್ನೂ ಜಾಸ್ತಿ ಎತ್ತುವ ಯೋಚನೆ ಇದೆ. ಈಗ ಊರಲ್ಲಿ ಒಬ್ಬರು ‘ನೋಂದಣಿ ಇಲ್ಲದೆ ದುಡ್ಡು ಎತ್ತೋದೇ ಅಪರಾಧ, ಕೇಸ್ ಹಾಕಿಸ್ತೀನಿ’ ಅನ್ನುತ್ತಿದ್ದಾರೆ. ನಾವು ತಪ್ಪು ಮಾಡಿದ್ದೇವಾ?

ಉತ್ತರ: ಮೊದಲು ಆ ಕೇಸಿನ ಭಯ ಬಿಡಿ. ನಾನು ಆಡಿಟರ್. ಬಳ್ಳಾರಿ, ಕೊಪ್ಪಳ ಕಡೆಯ ಸಂಘ, ಟ್ರಸ್ಟುಗಳ ಲೆಕ್ಕ ನೋಡುವುದು ನನ್ನ ನಿತ್ಯದ ಕೆಲಸ. ನೋಂದಣಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಊರಿನ ಮಗುವಿಗೆ ದುಡ್ಡು ಕೂಡಿಸಿದವರು ಅಪರಾಧಿಗಳಾಗುವುದಿಲ್ಲ. ನಮ್ಮ ಕಡೆ ಜಾತ್ರೆ, ದಾಸೋಹ, ಗುಡಿ ಕಟ್ಟುವುದು ಎಲ್ಲ ನಡೆದು ಬಂದಿರುವುದೇ ಪಟ್ಟಿಯಿಂದ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಬರುತ್ತಲ್ಲ, ಯಾವ ಊರಿನವರೂ ಅದಕ್ಕಾಗಿ ಸಂಘ ನೋಂದಾಯಿಸಲು ಹೋಗುವುದಿಲ್ಲ.

ಕೇಸ್ ಆಗುವುದು ಬೇರೆ ಕಡೆಯಿಂದ. ಒಂದು ಕಾರಣ ಹೇಳಿ ದುಡ್ಡು ತಗೊಂಡು ಇನ್ನೊಂದಕ್ಕೆ ಬಳಸಿದರೆ ಅದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಇದಕ್ಕೆ ಐದು ವರ್ಷದವರೆಗೂ ಜೈಲು ಇದೆ. ಮೊದಲಿನಿಂದಲೇ ಸುಳ್ಳು ಹೇಳಿ ಎತ್ತಿದ್ದರೆ 318, ಅಂದರೆ ಮೋಸ. ರಸ್ತೆಗೆ ಹಗ್ಗ ಕಟ್ಟಿ ಗಾಡಿ ನಿಲ್ಲಿಸಿ ವಸೂಲಿ ಮಾಡಿದರೆ ಅದಕ್ಕೂ ಬೇರೆ ಕಲಂ ಇದೆ. ನೀವು ಇದ್ಯಾವುದನ್ನೂ ಮಾಡಿಲ್ಲ. ಆದರೆ ಆ 83,000 ಗಣೇಶನ ಪೆಂಡಾಲಿಗೆ ಹೋದರೆ ಮೊದಲನೆಯದರ ಹತ್ತಿರ ಹೋಗಿ ನಿಲ್ಲುತ್ತೀರಿ. ಹಾಗಾಗಿ ಉಳಿದ ದುಡ್ಡಿನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಜನ ದುಡ್ಡು ಕೊಟ್ಟಿದ್ದು ನಿಮ್ಮ ಸಂಘಕ್ಕಲ್ಲ, ಆ ಮಗುವಿನ ಚಿಕಿತ್ಸೆಗೆ. ಪಟ್ಟಿ ಎತ್ತುವಾಗ ಮನೆ ಬಾಗಿಲಲ್ಲಿ ನಿಂತು ಏನು ಹೇಳಿದಿರೋ, ವಾಟ್ಸಾಪಿನಲ್ಲಿ ಏನು ಬರೆದಿರೋ, ಆ ದುಡ್ಡಿಗೆ ಅದೇ ನಿಯಮ. ಸಂಘದ ಮೀಟಿಂಗಿನಲ್ಲಿ 14 ಜನ ಕೈ ಎತ್ತಿದರೂ ಅದು ಬದಲಾಗುವುದಿಲ್ಲ. ಮೂಲ ಕೆಲಸ ಮುಗಿದು ದುಡ್ಡು ಉಳಿದಾಗ ಅದಕ್ಕೆ ಆದಷ್ಟು ಹತ್ತಿರದ ಕೆಲಸಕ್ಕೆ ಬಳಸಬೇಕು ಅನ್ನುವುದು ಧರ್ಮಾರ್ಥ ನಿಧಿಗಳ ವಿಷಯದಲ್ಲಿ ಕೋರ್ಟುಗಳು ಹಿಡಿದು ಬಂದ ದಾರಿ. ನಿಮ್ಮ ಮುಂದೆ ಹೀಗೆ ಮೂರು ನಾಲ್ಕು ದಾರಿಗಳಿವೆ.

ನನಗೆ ಸರಿ ಕಾಣುವುದು ದುಡ್ಡು ಆ ಮಗುವಿಗೇ ಉಳಿಯುವುದು. ಹೃದಯದ ಆಪರೇಷನ್ ಆದ ಮಗುವನ್ನು ಮತ್ತೆ ಮತ್ತೆ ತೋರಿಸಲು ಕರೆದುಕೊಂಡು ಹೋಗಬೇಕಾಗುತ್ತದೆ. ಕಾರಟಗಿಯಿಂದ ಬೆಂಗಳೂರಿಗೋ ಕಲಬುರಗಿಗೋ ಹೋಗಿ ಬರುವುದು ಅಂದರೆ ಕೂಲಿ ಮಾಡುವ ಅಪ್ಪ ಅಮ್ಮನಿಗೆ ಬಸ್ ಚಾರ್ಜ್ ಒಂದೇ ಅಲ್ಲ, ಎರಡು ದಿನದ ಪಗಾರವೂ ಹೋಯಿತು. ಮಗುವಿನ ಹೆಸರಿನಲ್ಲಿ, ತಾಯಿ ಪೋಷಕರಾಗಿ ಬ್ಯಾಂಕಿನಲ್ಲಿ ಒಂದು ಮೈನರ್ ಖಾತೆ ತೆಗೆಸಿ. ಸ್ವಲ್ಪ ಅದರಲ್ಲಿ ಇರಲಿ, ಉಳಿದದ್ದು ಠೇವಣಿಯಾಗಲಿ. ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಮನೆಯಲ್ಲಿ ಸಾಲ ಇದ್ದರೆ ಠೇವಣಿ ಮುರಿದು ಅದಕ್ಕೆ ಹಾಕಬಹುದು. ಹಾಗಾದರೂ ನೀವು ಕೇಳುವ ಹಾಗಿಲ್ಲ. ಕೊಟ್ಟ ಮೇಲೆ ಅದು ಆ ಕುಟುಂಬದ ದುಡ್ಡು.

ಎರಡನೆಯದು, ವಾಪಸ್ ಕೊಡುವುದು. ಫೋನ್‌ಪೇಯಲ್ಲಿ ಬಂದಿದ್ದಕ್ಕೆ ದಾಖಲೆ ಇರುತ್ತದೆ, ಕೊಟ್ಟದ್ದರಲ್ಲಿ ಇಷ್ಟು ಭಾಗ ಅಂತ ಲೆಕ್ಕ ಹಾಕಿ ತಿರುಗಿ ಕಳಿಸಬಹುದು. ಆದರೆ ಸಂತೆಯಲ್ಲಿ ಡಬ್ಬಿಗೆ ಹತ್ತು ರೂಪಾಯಿ ಹಾಕಿದವರನ್ನು ಎಲ್ಲಿ ಹುಡುಕುತ್ತೀರಿ? ಕೇಳಿಕೊಂಡು ಬಂದವರಿಗೆ ಮಾತ್ರ ವಾಪಸ್, ಉಳಿದದ್ದು ಮಗುವಿಗೆ ಅಂತ ಮಾಡಿಕೊಂಡರೆ ನಡೆಯುತ್ತದೆ.

ಮೂರನೆಯದು, ಇನ್ನೊಂದು ಮಗುವಿನ ಚಿಕಿತ್ಸೆಗೆ ಕೊಡುವುದು. ಇದೂ ಮೂಲ ಕಾರಣಕ್ಕೆ ಹತ್ತಿರದ್ದೇ. ಆದರೆ ಮೊದಲನೇ ಕುಟುಂಬಕ್ಕೆ ಇನ್ನು ದುಡ್ಡು ಬೇಡವೇ ಅಂತ ಅವರನ್ನೇ ಕೇಳಿ, ಬರೆಸಿಕೊಳ್ಳಿ. ವೃದ್ಧಾಶ್ರಮ ಒಳ್ಳೆಯದೇ, ಆದರೆ ಇದರಿಂದ ದೂರದ ಕೆಲಸ. ಕೊಟ್ಟವರ ಒಪ್ಪಿಗೆ ಸಿಗದೆ ಅತ್ತ ಹೋಗಬೇಡಿ.

ಯಾವ ದಾರಿ ಹಿಡಿದರೂ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು, ಎಷ್ಟು ಉಳಿಯಿತು, ಈಗ ಏನು ಮಾಡಬೇಕು ಅಂತಿದ್ದೇವೆ. ಅದನ್ನು ದುಡ್ಡು ಕೇಳಿದ ಅದೇ ವಾಟ್ಸಾಪ್ ಗ್ರೂಪುಗಳಿಗೆ ಹಾಕಿ. ಪಂಚಾಯ್ತಿ ನೋಟಿಸ್ ಬೋರ್ಡಿಗೂ ಗುಡಿಯ ಗೋಡೆಗೂ ಅಂಟಿಸಿ. ‘ತಕರಾರು ಇದ್ದವರು ಹದಿನೈದು ದಿನದಲ್ಲಿ ತಿಳಿಸಿ’ ಅಂತ ಕೆಳಗೆ ಬರೆದು ಇಬ್ಬರು ಸಹಿ ಹಾಕಿ. ಕೇಸ್ ಹಾಕಿಸ್ತೀನಿ ಅಂದವರಿಗೆ ಮೊದಲ ಕಾಪಿ ಅವರ ಮನೆಗೇ ಹೋಗಿ ಕೊಟ್ಟು ಬನ್ನಿ.

ಈ ಹಾಳೆ ಬರೆಯಲು ಕೂತಾಗ ನಿಮಗೆ ಒಂದು ತೊಡಕು ಎದುರಾಗುತ್ತದೆ. ನನ್ನ ಹತ್ತಿರ ಬರುವ ಹುಡುಗರ ನೋಟ್‌ಬುಕ್ಕುಗಳಲ್ಲಿ ಇದು ಯಾವಾಗಲೂ ಇರುತ್ತದೆ. ಪಟ್ಟಿಯಲ್ಲಿ ಹೆಸರು, ಮುಂದೆ ಮೊತ್ತ. ಕೆಲವರ ಮುಂದೆ ಟಿಕ್ ಮಾರ್ಕು, ಕೆಲವರ ಮುಂದೆ ‘ಸುಗ್ಗಿಗೆ’ ಅಂತ ಬರೆದಿರುತ್ತದೆ. ಅಂದರೆ ಬರೆಸಿದ್ದಾರೆ, ಕೊಟ್ಟಿಲ್ಲ. ಭತ್ತ ಮಾರಿದ ಮೇಲೆ ಕೊಡುತ್ತಾರೆ, ಅಥವಾ ಮರೆತುಬಿಡುತ್ತಾರೆ. ಊರಲ್ಲಿ ಮಾತ್ರ ಬರೆಸಿದ ಮೊತ್ತವೇ ಬಾಯಿಂದ ಬಾಯಿಗೆ ಓಡಾಡುತ್ತದೆ. ‘ಮೂರು ಲಕ್ಷ ಆಗಿತ್ತಂತೆ, ಎರಡೇ ತೋರಿಸ್ತಿದ್ದಾರೆ’ ಅನ್ನುವ ಮಾತು ಹುಟ್ಟುವುದು ಹೀಗೆ. ಅದಕ್ಕೆ ಬರೆಸಿದ್ದು ಒಂದು ಕಾಲಂ, ಕೈಗೆ ಬಂದದ್ದು ಇನ್ನೊಂದು ಕಾಲಂ ಮಾಡಿ. ಬಾಕಿ ಇರುವವರ ಹೆಸರು ಗೋಡೆಗೆ ಅಂಟಿಸಬೇಡಿ, ಒಟ್ಟು ಬಾಕಿ ಇಷ್ಟು ಅಂದರೆ ಸಾಕು. ಹೆಸರು ಹಾಕಿದರೆ ಮುಂದಿನ ಸಲ ಅವರ ಬಾಗಿಲು ತೆರೆಯುವುದಿಲ್ಲ.

ರಸೀದಿ ಪುಸ್ತಕದ್ದೂ ಇದೇ ಕತೆ. ಎರಡು ಪುಸ್ತಕ ಅಚ್ಚು ಹಾಕಿಸುತ್ತಾರೆ, ಎರಡರಲ್ಲೂ ನಂಬರ್ 1ರಿಂದ 100. ಆಮೇಲೆ 37ನೇ ರಸೀದಿ ಅಂದರೆ ಯಾವುದು? ಎರಡನೇ ಪುಸ್ತಕ 101ರಿಂದ ಶುರುವಾಗಲಿ. ಹಾಳಾದ ರಸೀದಿಯನ್ನು ಹರಿದು ಬಿಸಾಡದೆ ‘ರದ್ದು’ ಅಂತ ಬರೆದು ಪುಸ್ತಕದಲ್ಲೇ ಬಿಡಿ.

ಈಗ ನಿಮ್ಮ ಖಾತೆಯ ವಿಷಯ. ನನಗೆ ಹೆಚ್ಚು ಚಿಂತೆ ಆಗಿದ್ದು ಇದನ್ನು ಓದಿಯೇ. ಬಂಧುಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಸುಮ್ನೆ ಬಂದರೆ, ಆದಾಯ ತೆರಿಗೆ ಕಾನೂನು ಅದನ್ನು ನಿಮ್ಮ ಆದಾಯ ಅಂತ ನೋಡುತ್ತದೆ. 50,000 ಮೇಲಿನದ್ದು ಮಾತ್ರ ಅಲ್ಲ, ಪೂರ್ತಿ ಮೊತ್ತ. ‘ಇದು ನನ್ನದಲ್ಲ, ಮಗುವಿಗೆ ಬಂದದ್ದು’ ಅಂತ ನೀವು ಹೇಳಬಹುದು, ಆ ಮಾತಿಗೆ ಬೆಲೆಯೂ ಇದೆ. ಆದರೆ ಕೇಳಿದಾಗ ಪಟ್ಟಿ, ರಸೀದಿ, ಆಸ್ಪತ್ರೆ ಬಿಲ್ಲು ಮುಂದಿಡಬೇಕು. ನಿಮ್ಮ ಪಗಾರ, ಮನೆ ಖರ್ಚು, ಪಟ್ಟಿ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲೆತಿದ್ದರೆ ಬಿಡಿಸಿ ತೋರಿಸುವುದು ಕಷ್ಟ.

ಇನ್ನೊಂದು ಅಪಾಯ ಈಚೆಗೆ ಜಾಸ್ತಿ ಆಗಿದೆ. ನಿಮ್ಮ ಕ್ಯೂಆರ್ ಕೋಡ್ ಊರೂರು ಸುತ್ತುತ್ತದೆ. ಸೈಬರ್ ವಂಚನೆ ಮಾಡಿದವನೊಬ್ಬ ಅದಕ್ಕೆ 500 ರೂಪಾಯಿ ಹಾಕಿದ ಅಂತಿಟ್ಟುಕೊಳ್ಳಿ. ದುಡ್ಡು ಕಳೆದುಕೊಂಡವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ದುಡ್ಡು ಹೋದ ದಾರಿಯಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳಬಹುದು. ಮಗು ಆಸ್ಪತ್ರೆಯಲ್ಲಿ, ನಿಮ್ಮ ಖಾತೆಗೆ ಬೀಗ!

ನೋಂದಣಿ ಆಗದ ಸಂಘಕ್ಕೆ ಬ್ಯಾಂಕ್ ಖಾತೆಯೇ ಸಿಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು ಖಾತ್ರಿ) ನಿಯಮದಲ್ಲಿ ಇಂಥ ಸಂಘಗಳಿಗೂ ಜಾಗ ಇದೆ. ಸಂಘದ ಠರಾವು, ಪ್ಯಾನ್ ಅಥವಾ ಪ್ಯಾನ್ ಇಲ್ಲದವರು ಕೊಡುವ ಘೋಷಣೆಯ ಫಾರ್ಮ್, ಸಹಿ ಮಾಡುವವರ ದಾಖಲೆಗಳು, ಇಷ್ಟು ಕೇಳುತ್ತಾರೆ. ಬ್ರ್ಯಾಂಚುಗಳಲ್ಲಿ ಹಿಂದೇಟು ಹಾಕುವುದು ನಿಜ. ಆಗದಿದ್ದರೆ 18 ದಾಟಿದ ಮೂವರ ಜಂಟಿ ಖಾತೆ ತೆಗೆಯಿರಿ, ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಹೋಗದಂತೆ ಬರೆಸಿ. ತೆರಿಗೆ ಪ್ರಶ್ನೆ ಆಗಲೂ ಪೂರ್ತಿ ಹೋಗುವುದಿಲ್ಲ, ಲೆಕ್ಕ ಮಾತ್ರ ಬೇರೆಯಾಗಿ ಸಿಗುತ್ತದೆ. ಎಲ್ಲಕ್ಕಿಂತ ಚೆನ್ನಾಗಿರುವುದು ಆಸ್ಪತ್ರೆಯ ಖಾತೆಗೇ, ರೋಗಿಯ ನಂಬರ್ ಹಾಕಿ ದಾನಿಗಳೇ ನೇರ ಕಟ್ಟುವುದು. ನಿಮ್ಮ ಕೈಗೆ ದುಡ್ಡೇ ಬರದಿದ್ದರೆ ಈ ತಲೆನೋವೂ ಇಲ್ಲ.

ಮಿಲ್ ಮಾಲೀಕರಿಗೆ 80ಜಿ ರಸೀದಿ ಕೊಡುವ ಹಾಗಿಲ್ಲ. ಆದಾಯ ತೆರಿಗೆ ಇಲಾಖೆ ಮಾನ್ಯತೆ ಕೊಟ್ಟ ಸಂಸ್ಥೆಗಳು ಮಾತ್ರ ಅದನ್ನು ಕೊಡಬಹುದು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ನಂಬರುಗಳು ಬದಲಾಗಿವೆ. ಜನರ ಬಾಯಲ್ಲಿ ಇನ್ನೂ 80ಜಿ ಅಂತಲೇ ಇದೆ, ನಾನೂ ಹಾಗೇ ಬರೆಯುತ್ತೇನೆ.) ಯಾವುದೋ ಟ್ರಸ್ಟಿನ ರಸೀದಿ ಹೊಂದಿಸಿ ಕೊಡುತ್ತೇವೆ ಅಂತ ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಮಾನ್ಯತೆ ಇರುವ ಸಂಸ್ಥೆ ಪ್ರತಿ ವರ್ಷ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕು. ಅದರಲ್ಲಿ ಹೆಸರಿಲ್ಲದ ರಸೀದಿ ಬರೀ ಕಾಗದ.

ಅವರಿಗೆ ಇದನ್ನೂ ಸಮಾಧಾನದಿಂದ ಹೇಳಿ: 80ಜಿ ಇದ್ದರೆ ಕೊಟ್ಟ ದುಡ್ಡೆಲ್ಲ ತೆರಿಗೆಯಲ್ಲಿ ವಾಪಸ್ ಬರುತ್ತದೆ ಅನ್ನುವುದು ಸುಳ್ಳು. ಸಾಮಾನ್ಯ ಸಂಸ್ಥೆಗೆ 40,000 ಕೊಟ್ಟರೆ ಅದರ ಅರ್ಧ, 20,000, ಅವರ ಆದಾಯದಿಂದ ಕಳೆಯುತ್ತದೆ. ಶೇ 30ರ ದರದಲ್ಲಿರುವವರಿಗೆ ಉಳಿಯುವ ತೆರಿಗೆ ಸುಮಾರು 6,000 ರೂಪಾಯಿ. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಹೊಸ ಪದ್ಧತಿ ಆಯ್ದುಕೊಂಡವರಿಗೆ ಈ ವಿನಾಯಿತಿ ಇಲ್ಲ. ನಗದು 2,000 ರೂಪಾಯಿ ದಾಟಿದರೂ ಇಲ್ಲ. ದುಡ್ಡಿನ ಬದಲು ಅಕ್ಕಿ ಚೀಲ ಕೊಟ್ಟರೂ ಇಲ್ಲ. ಗಂಗಾವತಿ, ಕಾರಟಗಿ ಕಡೆಯ ಮಿಲ್ಲುಗಳವರು ಅಕ್ಕಿ ಕೊಡುವುದರಲ್ಲಿ ಕೈ ದೊಡ್ಡದು. ಆದರೆ ಈ ನಿಯಮ ಗೊತ್ತಿರುವವರು ಕಡಿಮೆ. ಇಷ್ಟು ಕೇಳಿದ ಮೇಲೆ ಬಹಳ ಜನ ನಕ್ಕು ‘ಹೋಗಲಿ ಬಿಡಿ’ ಅನ್ನುತ್ತಾರೆ. ನಿಮ್ಮ ಸಂಘದ ಸಾದಾ ರಸೀದಿ, ಮಗುವಿನ ಮನೆಯವರ ಒಂದು ಪತ್ರ ಕೊಡಿ.

ಅಮೆರಿಕದವರ ದುಡ್ಡಿಗೆ ಕೇಳಬೇಕಾದ ಪ್ರಶ್ನೆ ಒಂದೇ. ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದೇ ಆಗಿದ್ದರೆ, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಅಂತ ಆಗುವುದಿಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅವರು ವಿದೇಶಿ ಮೂಲ. ಆಗ 2010ರ ವಿದೇಶಿ ವಂತಿಗೆ ಕಾಯ್ದೆ ಬರುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಒಂದು ಡಾಲರನ್ನೂ ತಗೊಳ್ಳುವ ಹಾಗಿಲ್ಲ. ನೋಂದಣಿ ಇದ್ದವರಿಗೂ ಅದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ‘ಊರಲ್ಲಿರುವ ಅವರ ಅಪ್ಪನ ಖಾತೆಗೆ ಹಾಕಿಸಿ ಅಲ್ಲಿಂದ ತಗೊಳ್ಳೋಣ’ ಅನ್ನುವ ಉಪಾಯ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಆ ಹಿರಿಯರನ್ನು ಯಾಕೆ ಸಿಕ್ಕಿಸುತ್ತೀರಿ?

ವೃದ್ಧಾಶ್ರಮವೋ ಅನಾಥಾಶ್ರಮವೋ, ಮುಂದೆ ಯಾವಾಗಾದರೂ ಯಾವ ಸಂಸ್ಥೆಗಾದರೂ ಕೊಡುವುದಿದ್ದರೆ ಬರೀ ಕರಪತ್ರ ನೋಡಿ ಕೊಡಬೇಡಿ. ನೀತಿ ಆಯೋಗದ ದರ್ಪಣ್ ಪೋರ್ಟಲಿನ ನಂಬರ್ ತೋರಿಸಿ ‘ಕೇಂದ್ರ ಸರ್ಕಾರದ ಮಾನ್ಯತೆ ಇದೆ’ ಅನ್ನುವವರಿದ್ದಾರೆ. ಅದು ಹೆಸರು ದಾಖಲಿಸಿದ ನಂಬರ್ ಅಷ್ಟೇ, ಒಳ್ಳೆಯ ನಡತೆಯ ಸರ್ಟಿಫಿಕೇಟ್ ಅಲ್ಲ. ಹಿಂದಿನ ವರ್ಷದ ಆಡಿಟ್ ವರದಿ ಕೇಳಿ. ಮಕ್ಕಳನ್ನು ಇಟ್ಟುಕೊಂಡ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಇರಲೇಬೇಕು, ಆ ಪತ್ರ ಕೇಳಿ. ಒಂದು ದಿನ ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಿ. ತಟ್ಟೆಯಲ್ಲಿ ಏನಿದೆ, ಹೊದ್ದುಕೊಳ್ಳಲು ಏನಿದೆ ಅಂತ ನೋಡಿದರೆ ನನ್ನಂಥವರ ವರದಿಗಿಂತ ಬೇಗ ಗೊತ್ತಾಗುತ್ತದೆ. ನಗದು ಕೊಡುವ ಬದಲು ಕಿರಾಣಿ ಅಂಗಡಿಯ ಬಿಲ್ಲು ಕಟ್ಟುವುದೂ ಒಂದು ದಾರಿ.

ಪಿಯುಸಿ ಹುಡುಗರು ಕೆಲಸ ಮಾಡಲಿ, ಜವಾಬ್ದಾರಿ ಅವರ ಮೇಲೆ ಬೇಡ. 18 ತುಂಬದವರ ಸಹಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಖಜಾಂಚಿ ಮಾಡಬೇಡಿ, ಠರಾವಿಗೆ ಸಹಿ ಹಾಕಿಸಬೇಡಿ, ರಾತ್ರಿ ನಗದು ಅವರ ಮನೆಯಲ್ಲಿ ಇಡಿಸಬೇಡಿ. ಮನೆ ಮನೆಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ. ಡಬ್ಬಿ ಹಿಡಿಸಿ ಬಸ್ ಸ್ಟ್ಯಾಂಡಿನಲ್ಲೋ ಹುಲಿಗಿಯಲ್ಲಿ ಹುಣ್ಣಿಮೆ ದಿನದ ಜನಸಂದಣಿಯಲ್ಲೋ ನಿಲ್ಲಿಸುವುದಂತೂ ಬೇಡವೇ ಬೇಡ. ಬಾಲನ್ಯಾಯ ಕಾಯ್ದೆಯಲ್ಲಿ ಭಿಕ್ಷೆ ಅನ್ನುವುದರ ವ್ಯಾಖ್ಯೆ ದೊಡ್ಡದು. ಯಾವ ನೆಪದಲ್ಲಿ ಕೇಳಿದರೂ ಅದರೊಳಗೆ ಬರಬಹುದು. ನಿಮ್ಮ ಉದ್ದೇಶ ಒಳ್ಳೆಯದಿದ್ದರೂ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ವಿವರಣೆ ಕೊಡುತ್ತಾ ಕೂರಬೇಕು.

ಲಕ್ಕಿ ಡ್ರಾ ಮಾಡಲೇಬೇಡಿ. 50 ರೂಪಾಯಿ ಕೂಪನ್, ಮೊದಲ ಬಹುಮಾನ ಬೈಕ್ ಅಂತ ಊರೂರಲ್ಲಿ ನಡೆಯುವುದನ್ನು ನಾನೂ ನೋಡಿದ್ದೇನೆ. ನಡೆಯುತ್ತಿದೆ ಅಂದ ಮಾತ್ರಕ್ಕೆ ಅದು ಸರಿಯಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ದುಡ್ಡು ತಗೊಂಡು ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ. ನ್ಯಾಯ ಸಂಹಿತೆಯ 297ನೇ ಕಲಂ ಇದಕ್ಕೇ ಇದೆ. ದುಡ್ಡು ಧರ್ಮಕ್ಕೆ ಹೋಗುತ್ತದೆ ಅನ್ನುವುದು ನೆಪವಾಗುವುದಿಲ್ಲ. ವಾಲಿಬಾಲ್ ಪಂದ್ಯ ಇಟ್ಟು ತಂಡಗಳಿಂದ ಪ್ರವೇಶ ಶುಲ್ಕ ತಗೊಳ್ಳಿ, ನಾಟಕ ಆಡಿಸಿ. ಮೈಕ್‌ಗೆ ಪೊಲೀಸರ ಅನುಮತಿ ಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು.

ಹಾಗಾದರೆ ನೋಂದಣಿ ಮಾಡಿಸಬೇಕಾ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಾಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುತ್ತದೆ. ಕಷ್ಟ ಇರುವುದು ಆಮೇಲೆ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು. ನಮ್ಮ ಜಿಲ್ಲೆಗಳಲ್ಲಿ ಯಾವುದೋ ಅನುದಾನ ಬರುತ್ತದೆ ಅಂತ ನೋಂದಣಿ ಮಾಡಿಸಿ, ಬರದಿದ್ದಾಗ ಫೈಲ್ ಅಟ್ಟಕ್ಕೆ ಹಾಕಿದ ಸಂಘಗಳು ಎಷ್ಟೋ ಇವೆ. ನಾಲ್ಕೈದು ವರ್ಷ ಕಳೆದು ದಂಡ ಕಟ್ಟಲು ಬರುತ್ತಾರೆ, ಅಷ್ಟೊತ್ತಿಗೆ ಅಧ್ಯಕ್ಷ ಬೆಂಗಳೂರಿನಲ್ಲಿ ಕೆಲಸಕ್ಕಿರುತ್ತಾನೆ. ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ದುಡ್ಡು ಸಿಗುತ್ತದೆ ಅನ್ನುವ ಆಸೆ ಇದ್ದರೆ, ಬರೀ ನೋಂದಣಿಗೆ ಅದು ಬರುವುದಿಲ್ಲ. ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ ಮಾನ್ಯತೆ, ಸಿಎಸ್‌ಆರ್-1 ನೋಂದಣಿ, ಜೊತೆಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು.

ಎರಡು ಮೂರು ವರ್ಷಕ್ಕೊಮ್ಮೆ ಒಂದು ಮಗುವಿಗೋ ಒಂದು ಮನೆಗೋ ಪಟ್ಟಿ ಎತ್ತುವ ಹುಡುಗರಿಗೆ ನಾನು ನೋಂದಣಿ ಬೇಡ ಅಂತಲೇ ಹೇಳುವುದು. ಪ್ರತಿ ವರ್ಷ ಮಾಡುತ್ತೇವೆ, ವರ್ಷಕ್ಕೊಮ್ಮೆ ಕೂತು ಲೆಕ್ಕ ಬರೆಯುವವನೊಬ್ಬ ನಮ್ಮಲ್ಲಿದ್ದಾನೆ ಅನ್ನುವುದಾದರೆ ಮಾಡಿಸಿ.

ಮುಂದಿನ ಸಲ ಪಟ್ಟಿ ಎತ್ತುವ ಮೊದಲು ಸರ್ಕಾರದ ಸ್ಕೀಮ್ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮಕ್ಕಳ ಹೃದಯದ ತೊಂದರೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಆಗ ಕೇಳಬೇಕಾದ ಮೊತ್ತವೇ ಕಡಿಮೆಯಾಗುತ್ತದೆ. ಎಷ್ಟು ಬೇಕೋ ಅಷ್ಟೇ ಬರೆಯಿರಿ, ಅಷ್ಟು ಬಂದ ದಿನವೇ ಕ್ಯೂಆರ್ ಕೋಡ್ ತೆಗೆಯಿರಿ. ಮಗುವಿನ ಫೋಟೊ ಹಾಕುವ ಮೊದಲು ಮನೆಯವರನ್ನು ಕೇಳಿ. ಮನವಿಯ ಕೊನೆಗೆ ಈ ಸಾಲು ಸೇರಿಸಿ: ‘ದುಡ್ಡು ಉಳಿದರೆ ಇದೇ ಮಗುವಿನ ಮುಂದಿನ ಚಿಕಿತ್ಸೆಗೆ, ಅದಕ್ಕೂ ಬೇಡವಾದರೆ ನಮ್ಮ ತಾಲೂಕಿನ ಇನ್ನೊಂದು ಮಗುವಿನ ಚಿಕಿತ್ಸೆಗೆ ಕೊಡಲಾಗುವುದು.’ ಈ ಸಲ ಅದೊಂದು ಸಾಲು ಇದ್ದಿದ್ದರೆ ನೀವು ನನಗೆ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.